ಶಾಲಾ ಮಕ್ಕಳ ಕಲಿಕೆಗೆ ಸಾಮಾಜಿಕ ಜಾಲತಾಣ: ಮಂಡ್ಯದ ಶಿಕ್ಷಕರಿಗೂ ಪೋಷಕರಿಗೂ ಒಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾಯಿತೆಂದರೆ ಮಂಡ್ಯ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬೆಳಿಗ್ಗೆ ಬೆಳಿಗ್ಗೆಯೇ ಒಂದು ಸಂದೇಶ ಬಂದು ಬೀಳುತ್ತದೆ: ಕೆಆರ್‌ಎಸ್‌ನ ಇಂದಿನ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ನಾಲೆಗೆ ನೀರು ಬಿಡುವುದು ಯಾವಾಗ ಎಂದು ಕಾದಿರುವ ರೈತ ಅದನ್ನು ಎರಡೆರಡು ಸಲ ಓದುತ್ತಾನೆ. ಅದೇ ಮನೆಯ ಒಂಬತ್ತನೇ ತರಗತಿಯ ಮಗು ಅದೇ ಫೋನಿನಲ್ಲಿ ಆ ಸಂದೇಶವನ್ನು ದಾಟಿ ರೀಲ್ಸ್ ಕಡೆಗೆ ಹೋಗುತ್ತದೆ. ಗಣಿತ, ಭೂಗೋಳ, ವಿಜ್ಞಾನ, ಪೌರನೀತಿ ಎಲ್ಲವೂ ಆ ನಾಲ್ಕು ಸಾಲಿನಲ್ಲೇ ಇವೆ. ಅಲ್ಲಿ ನಿಲ್ಲುವುದಕ್ಕೆ ಮಗುವಿಗೆ ಯಾರೂ ಕಾರಣ ಕೊಟ್ಟಿಲ್ಲ, ಅಷ್ಟೆ.

ಆ ಕಾರಣವನ್ನು ಹೇಗೆ ಕೊಡಬಹುದು ಎಂಬುದೇ ಈ ಬರಹದ ವಿಷಯ. 8ರಿಂದ 10ನೇ ತರಗತಿಯ ಮಕ್ಕಳಿಗೆ ಪಾಠ ಮಾಡುವವರನ್ನೂ ಆ ಮಕ್ಕಳ ತಂದೆತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮುಂದಿನ ಎಲ್ಲ ಹಂತಗಳೂ ಒಂದೇ ನಿಯಮದ ಮೇಲೆ ನಿಂತಿವೆ: ಮಗು ಪ್ರಶ್ನೆಯೊಂದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡ ಮೇಲೆಯೇ ಫೋನ್ ಮುಟ್ಟಬೇಕು, ಫೋನ್ ಕೆಳಗಿಡುವ ಹೊತ್ತಿಗೆ ಅದೇ ಪುಟದಲ್ಲಿ ತನ್ನದೇ ಮಾತಿನ ಮೂರು ಸಾಲಾದರೂ ಇರಬೇಕು. ಈ ನಿಯಮವನ್ನು ಬಿಟ್ಟರೆ ಉಳಿದ ಯಾವ ಸೆಟ್ಟಿಂಗ್ಸ್ ಬದಲಿಸಿದರೂ ಪ್ರಯೋಜನವಿಲ್ಲ.

ಹಂತ 1: ಖಾತೆ ಯಾರ ಹೆಸರಿನಲ್ಲಿರಬೇಕು

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್ ಬಳಕೆಗೆ ಬೇಕಾದ ಗೂಗಲ್ ಖಾತೆ, ಈ ಮೂರಕ್ಕೂ ಕಂಪನಿಗಳು ಇಟ್ಟಿರುವ ಕನಿಷ್ಠ ವಯಸ್ಸು 13. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಹತ್ತನೇ ತರಗತಿ ಮುಗಿಯುವವರೆಗೆ ಮಗುವಿಗೆ ಸ್ವಂತ ಖಾತೆ ಬೇಡ. ಖಾತೆ ತರಗತಿಯದ್ದಾಗಿರಲಿ. ಶಾಲೆಯ ಹೆಸರಿನಲ್ಲಿ ಒಂದು ಹೊಸ ಗೂಗಲ್ ಖಾತೆ ತೆರೆಯಿರಿ. ಇಬ್ಬರು ಶಿಕ್ಷಕರು ಅದನ್ನು ನೋಡಿಕೊಳ್ಳಲಿ, ಪಾಸ್‌ವರ್ಡ್ ಮುಖ್ಯೋಪಾಧ್ಯಾಯರ ಬಳಿಯೂ ಇರಲಿ. ಒಬ್ಬರಿಗೆ ವರ್ಗಾವಣೆಯಾದರೂ ಕೆಲಸ ನಿಲ್ಲಬಾರದು. ಮನೆಯಲ್ಲಿ ಮಗು ಬಳಸುವುದು ಅಪ್ಪ ಅಥವಾ ಅಮ್ಮನ ಫೋನಿನ ಅವರದೇ ಖಾತೆಯನ್ನು.

ಹುಟ್ಟಿದ ವರ್ಷವನ್ನು ತಪ್ಪಾಗಿ ಕೊಟ್ಟು ಖಾತೆ ತೆರೆದಿರುವ ಮಕ್ಕಳು ಎಲ್ಲ ಶಾಲೆಗಳಲ್ಲೂ ಇದ್ದಾರೆ. ಗದರಿಸುವುದಕ್ಕೆ ಮೊದಲು ಅದರಿಂದಾಗುವ ನಷ್ಟವನ್ನು ಅವರಿಗೆ ತಿಳಿಸಿ ಹೇಳಿ. ಇನ್‌ಸ್ಟಾಗ್ರಾಂನಲ್ಲಿ 18ರೊಳಗಿನವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಅಪರಿಚಿತರು ಸಂದೇಶ ಕಳಿಸಲಾಗದು, ರಾತ್ರಿ ಸೂಚನೆಗಳು ಸದ್ದು ಮಾಡುವುದಿಲ್ಲ. ವಯಸ್ಸು ಇಪ್ಪತ್ತೆಂದು ಬರೆದ ಹದಿಮೂರರ ಹುಡುಗಿಗೆ ಈ ರಕ್ಷಣೆ ಒಂದೂ ಸಿಗುವುದಿಲ್ಲ.

ಜೂನ್‌ನ ಪೋಷಕರ ಸಭೆಯಲ್ಲಿ ಒಂದು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಿರಿ. ಏನನ್ನು ಬಳಸುತ್ತೇವೆ, ದಿನದ ಯಾವ ಹೊತ್ತಿನಲ್ಲಿ, ಮಗುವಿನ ಧ್ವನಿ ಅಥವಾ ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸರಳ ಕನ್ನಡದಲ್ಲಿ ಬರೆಯಿರಿ. ಅಕ್ಷರ ಬಾರದ ಪೋಷಕರಿಗೆ ಓದಿ ಹೇಳಿ. ಬೇಡವೆಂದವರ ಮಗುವಿಗೆ ಅಂಕದಲ್ಲಾಗಲಿ, ಅವಕಾಶದಲ್ಲಾಗಲಿ ಕೊರತೆಯಾಗಕೂಡದು.

ಹಂತ 2: ಮನೆಯ ಫೋನನ್ನು ಸಜ್ಜುಗೊಳಿಸುವುದು

ಇದಕ್ಕೆ ಕಾಲು ಗಂಟೆ ಸಾಕು. ಪೋಷಕರ ಸಭೆಯಲ್ಲೇ ಎಲ್ಲರ ಫೋನಿನಲ್ಲೂ ಮಾಡಿಸಿಬಿಡುವುದು ಒಳ್ಳೆಯದು, ಮನೆಗೆ ಹೋಗಿ ಮಾಡಿಕೊಳ್ಳಿ ಎಂದರೆ ಅದು ಆಗುವುದಿಲ್ಲ.

ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಗ್ರೂಪ್ಸ್ ತೆರೆದು 'ನನ್ನ ಸಂಪರ್ಕಗಳು' ಎಂದು ಆರಿಸಿ. ಅಪರಿಚಿತರು ಯಾವುದೋ ಗುಂಪಿಗೆ ಸೇರಿಸುವುದು ನಿಲ್ಲುತ್ತದೆ. ನಂತರ ಸ್ಟೋರೇಜ್ ವಿಭಾಗದಲ್ಲಿ ಆಟೋ ಡೌನ್‌ಲೋಡ್ ಅನ್ನು ಪೂರ್ತಿ ನಿಲ್ಲಿಸಿ. ದಿನದ ಡೇಟಾ ಬೆಳಗಿನ ಶುಭೋದಯದ ಚಿತ್ರಗಳಿಗೇ ಮುಗಿದುಹೋದರೆ ಸಂಜೆ ಪಾಠದ ವಿಡಿಯೊಗೆ ಉಳಿಯುವುದೇನು?

ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಿ, ಮಕ್ಕಳಿಗೆ ಸಲ್ಲದ ವಿಡಿಯೊಗಳನ್ನು ಮರೆಮಾಡುವ ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿ. ಇನ್ನೊಂದು ಉಪಾಯ ನನಗೆ ತುಂಬ ಇಷ್ಟವಾದದ್ದು: ಹಳೆಯ ವೀಕ್ಷಣಾ ಇತಿಹಾಸವನ್ನು ಅಳಿಸಿ, ಮುಂದೆಯೂ ದಾಖಲಾಗದಂತೆ ನಿಲ್ಲಿಸಿಬಿಡುವುದು. ಆಗ ಯೂಟ್ಯೂಬ್ ತೆರೆದ ಕೂಡಲೇ ಎದುರಾಗುವ ಶಿಫಾರಸುಗಳ ಸಾಲು ಮಾಯವಾಗಿ ಮುಖಪುಟ ಬಹುತೇಕ ಖಾಲಿಯಾಗಿ ಕಾಣುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಏನಾದರೂ ಬರೆದರೆ ಮಾತ್ರ ವಿಡಿಯೊ ಬರುತ್ತದೆ. ಅಂದರೆ ಮಗು ಏನನ್ನು ಹುಡುಕಬೇಕು ಎಂದು ಯೋಚಿಸಲೇಬೇಕಾಗುತ್ತದೆ.

ಹಂತ 3: ತರಗತಿಯ ಗುಂಪು

ಸಾಮಾನ್ಯ ಗುಂಪು ಮಾಡಿದರೆ ಎಲ್ಲ ಅಮ್ಮಂದಿರ ಫೋನ್ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ. ಗೊತ್ತಿಲ್ಲದವರಿಂದ ಕರೆ ಬರಲು ಶುರುವಾದರೆ ಮೊದಲು ಗುಂಪು ಬಿಡುವವರು ಹೆಣ್ಣುಮಕ್ಕಳ ಮನೆಯವರು. ಆದ್ದರಿಂದ ವಾಟ್ಸ್‌ಆ್ಯಪ್‌ನ ಕಮ್ಯುನಿಟಿ ಸೌಲಭ್ಯವನ್ನು ಬಳಸಿ. ಅದರ ಪ್ರಕಟಣಾ ಗುಂಪಿನಲ್ಲಿ ಸದಸ್ಯರ ಫೋನ್ ಸಂಖ್ಯೆ ಅಡ್ಮಿನ್‌ಗಳಿಗೂ, ಮೊದಲೇ ಪರಿಚಿತರಾದವರಿಗೂ ಬಿಟ್ಟು ಇತರರಿಗೆ ಕಾಣುವುದಿಲ್ಲ. ಅಡ್ಮಿನ್‌ಗಳಷ್ಟೇ ಬರೆಯಬಹುದಾದ್ದರಿಂದ ಹಬ್ಬದ ಶುಭಾಶಯ, ರಾಜಕೀಯದ ಜಗಳ ಎರಡೂ ಒಳಗೆ ಬರುವುದಿಲ್ಲ. ಅಡ್ಮಿನ್ ಇಬ್ಬರಿರಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ.

ಸಮಯದ ವಿಚಾರದಲ್ಲಿ ಹಳ್ಳಿಯ ದಿನಚರಿಗೆ ತಲೆಬಾಗಬೇಕು. ಮನೆಗೊಂದೇ ಸ್ಮಾರ್ಟ್‌ಫೋನ್, ಅದು ಅಪ್ಪನ ಜೇಬಿನಲ್ಲಿ ಗದ್ದೆಗೋ ಕಾರ್ಖಾನೆಗೋ ಹೋಗಿರುತ್ತದೆ. ಸಂಜೆ ಏಳಕ್ಕೆ ಮುಂಚೆ ಏನನ್ನೂ ಕಳಿಸಬೇಡಿ, ಎಂಟೂವರೆಯ ನಂತರವೂ ಬೇಡ. ದಿನಕ್ಕೆ ಒಂದೇ ಸಂದೇಶ, ಒಂದೇ ಪ್ರಶ್ನೆ. ಪಿಡಿಎಫ್‌ಗಳ ರಾಶಿ ಸುರಿಯುವ ಗುಂಪನ್ನು ಮಕ್ಕಳು ಎರಡನೇ ವಾರಕ್ಕೇ ಮ್ಯೂಟ್ ಮಾಡುತ್ತಾರೆ.

ಫೋನೇ ಇಲ್ಲದ ಮನೆಗಳೂ ಇವೆ. ಆ ಮಕ್ಕಳನ್ನು ಲೆಕ್ಕಕ್ಕಿಡದ ಯಾವ ಯೋಜನೆಯೂ ನನಗೆ ಒಪ್ಪಿಗೆಯಿಲ್ಲ. ಸಂಜೆ ಕಳಿಸುವ ಪ್ರಶ್ನೆಯನ್ನು ಮಧ್ಯಾಹ್ನವೇ ಕಪ್ಪುಹಲಗೆಯ ಮೂಲೆಯಲ್ಲಿ ಬರೆಯಿರಿ. ಒಂದೇ ಬೀದಿಯ ಮಕ್ಕಳನ್ನು ಮೂವರ ತಂಡವಾಗಿ ಕೂರಿಸಿ, ಪ್ರತಿ ತಂಡಕ್ಕೂ ಒಂದು ಫೋನ್ ಸಿಗುವಂತೆ ನೋಡಿಕೊಳ್ಳಿ. ಉತ್ತರ ಮಾತ್ರ ಯಾವತ್ತೂ ನೋಟ್‌ಬುಕ್‌ನಲ್ಲೇ ಬರಬೇಕು, ಗುಂಪಿನಲ್ಲಿ ಟೈಪ್ ಮಾಡಿದ್ದಕ್ಕೆ ಬೆಲೆಯಿಲ್ಲ. ಆಗ ಫೋನ್ ಇರುವವರು, ಇಲ್ಲದವರು ಬೆಳಿಗ್ಗೆ ತರಗತಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಹಂತ 4: ಯೂಟ್ಯೂಬ್ ನೋಡುವ ಕ್ರಮ

ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ದೂರದರ್ಶನ ಚಂದನದಲ್ಲಿ ಪ್ರಸಾರವಾದ 'ಸಂವೇದ' ಪಾಠಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಖಾನ್ ಅಕಾಡೆಮಿಯ ಕನ್ನಡ ಪಾಠಗಳೂ ಇವೆ. ಶಿಕ್ಷಕರು ಮೊದಲು ಪೂರ್ತಿ ನೋಡಿ, ಪಾಠಕ್ಕೆ ಎರಡೇ ವಿಡಿಯೊ ಆರಿಸಿ, ತರಗತಿಯ ಖಾತೆಯಲ್ಲಿ ಪ್ಲೇಲಿಸ್ಟ್ ಮಾಡಬೇಕು. ಹತ್ತು ನಿಮಿಷಕ್ಕಿಂತ ಉದ್ದದ್ದಾದರೆ ಎಲ್ಲಿಂದ ಎಲ್ಲಿಯವರೆಗೆ ನೋಡಬೇಕೆಂದು ನಿಮಿಷ ಸಮೇತ ಬರೆಯಿರಿ.

ಪ್ರಶ್ನೆ ಹೇಗಿರಬೇಕು? ಹತ್ತನೇ ತರಗತಿಯ ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳೋಣ. 'ವಿದ್ಯುತ್ತಿನ ಉಷ್ಣ ಪರಿಣಾಮದ ವಿಡಿಯೊ ನೋಡಿ' ಎಂದರೆ ಅದು ಅಪ್ಪಣೆ, ಪ್ರಶ್ನೆ ಆಗುವುದಿಲ್ಲ. ಅದರ ಬದಲು ಹೀಗೆ ಕೇಳಿ: 1902ರಲ್ಲಿ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ವಿದ್ಯುತ್ ಕಳಿಸಿದರು. ಅಷ್ಟು ದೂರ ಸಾಗಿಸಲು ವೋಲ್ಟೇಜನ್ನು ತುಂಬಾ ಏರಿಸಬೇಕಾಯಿತು. ಏಕೆ?

ಮಗು ಮೊದಲು ತನ್ನ ಊಹೆಯನ್ನು ಬರೆಯಬೇಕು. ಈ ಹೆಜ್ಜೆಯನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ. 'ದೂರ ಹೆಚ್ಚಾದ್ದರಿಂದ ಜೋರಾಗಿ ತಳ್ಳಬೇಕು' ಎಂದು ಬರೆದ ಮಗು, ವಿಡಿಯೊ ನೋಡುವಾಗ ತನ್ನ ಊಹೆ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹುಡುಕುತ್ತಿರುತ್ತದೆ. ಊಹೆಯಿಲ್ಲದೆ ಕುಳಿತ ಮಗು ಸುಮ್ಮನೆ ನೋಡುತ್ತಿರುತ್ತದೆ. ನಂತರ ವಿಡಿಯೊವನ್ನು ಮೂರು ಕಡೆ ನಿಲ್ಲಿಸಿ, ನಿಲ್ಲಿಸಿದಲ್ಲೆಲ್ಲ ಒಂದೊಂದು ಸಾಲು ಬರೆಯಬೇಕು. ಕೊನೆಗೆ ಉಳಿದ ಅನುಮಾನ ಒಂದು. ಮರುದಿನದ ತರಗತಿ ಆ ಅನುಮಾನಗಳಿಂದಲೇ ಆರಂಭವಾಗಲಿ. ಸಾಗಿಸುವ ಶಕ್ತಿ ಅಷ್ಟೇ ಇದ್ದು ವೋಲ್ಟೇಜ್ ಹತ್ತು ಪಟ್ಟಾದರೆ ವಿದ್ಯುತ್ ಪ್ರವಾಹ ಹತ್ತನೇ ಒಂದು ಭಾಗವಾಗುತ್ತದೆ. ತಂತಿಯಲ್ಲಿ ಉಷ್ಣವಾಗಿ ಪೋಲಾಗುವುದು ಪ್ರವಾಹದ ವರ್ಗಕ್ಕೆ ತಕ್ಕಂತೆ, ಅಂದರೆ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನು ಮಕ್ಕಳೇ ಹಲಗೆಯ ಮೇಲೆ ಮಾಡಿ ತೋರಿಸಿದಾಗ ಸೂತ್ರ ಅವರದಾಗುತ್ತದೆ.

ವಿಡಿಯೊ ಇಂಗ್ಲಿಷಿನಲ್ಲಿದ್ದರೆ ವೇಗವನ್ನು 0.75ಕ್ಕೆ ಇಳಿಸಿ ಕ್ಯಾಪ್ಷನ್ ಹಾಕಿಕೊಳ್ಳಬಹುದು. ಶಾರ್ಟ್ಸ್ ಬೇಡ. ಅಷ್ಟು ಚಿಕ್ಕ ವಿಡಿಯೊದಲ್ಲಿ ಅನುಮಾನ ಹುಟ್ಟುವುದಕ್ಕೂ ಸಮಯವಿರುವುದಿಲ್ಲ.

ಹಂತ 5: ಫಾರ್ವರ್ಡ್ ಸಂದೇಶವನ್ನು ತರಗತಿಗೆ ತರುವುದು

ಸಾಮಾಜಿಕ ಜಾಲತಾಣ ಪಠ್ಯಪುಸ್ತಕಕ್ಕಿಂತ ಹೆಚ್ಚು ಕಲಿಸಬಲ್ಲ ಜಾಗ ಇದು. ವಾರಕ್ಕೊಂದು ಪೀರಿಯಡ್ ಇದಕ್ಕೆ ಮೀಸಲಿಡಿ. ಆರಂಭಕ್ಕೆ ಕೆಆರ್‌ಎಸ್ ಸಂದೇಶಕ್ಕಿಂತ ಒಳ್ಳೆಯದು ಮಂಡ್ಯದಲ್ಲಿ ಇನ್ನೊಂದಿಲ್ಲ.

ಮೊದಲು ಅಳತೆಗಳನ್ನು ಕಲಿಸಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ದಿನದಲ್ಲಿ ಒಂದು ಟಿಎಂಸಿ ಸೇರಲು ಎಷ್ಟು ಕ್ಯೂಸೆಕ್ ಹರಿಯಬೇಕು? ನೂರು ಕೋಟಿಯನ್ನು 86,400ರಿಂದ ಭಾಗಿಸಿದರೆ ಹತ್ತಿರ ಹತ್ತಿರ 11,574. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಮಗು ಯಾವ ನೀರಿನ ಸುದ್ದಿಯನ್ನೂ ಅಳೆದು ನೋಡಬಲ್ಲದು.

ಈಗ ಒಂದು ಮಾದರಿ ಸಂದೇಶವನ್ನು ನೀವೇ ಬರೆದು ಹಲಗೆಗೆ ಹಾಕಿ: 'ರಾತ್ರೋರಾತ್ರಿ ಕೆಆರ್‌ಎಸ್‌ಗೆ 10 ಟಿಎಂಸಿ ನೀರು! ಒಳಹರಿವು 30,000 ಕ್ಯೂಸೆಕ್, ಹೊರಹರಿವು 5,000 ಕ್ಯೂಸೆಕ್.' ಮಕ್ಕಳು ಲೆಕ್ಕ ಹಾಕಲಿ. ಜಲಾಶಯದಲ್ಲಿ ಉಳಿಯುವುದು 25,000 ಕ್ಯೂಸೆಕ್. ಇಡೀ ದಿನಕ್ಕೆ 2.16 ಟಿಎಂಸಿ, ಹನ್ನೆರಡು ಗಂಟೆಯ ರಾತ್ರಿಗೆ 1.08. ಹನ್ನೆರಡು ಗಂಟೆಯಲ್ಲಿ 10 ಟಿಎಂಸಿ ಸೇರಬೇಕಾದರೆ ಸುಮಾರು 2.3 ಲಕ್ಷ ಕ್ಯೂಸೆಕ್ ಬರಬೇಕಿತ್ತು. ಸಂದೇಶದ ಮೊದಲ ಸಾಲನ್ನು ಅದರದೇ ಎರಡನೇ ಸಾಲು ಸುಳ್ಳು ಮಾಡಿತು. ಹೊರಗಿನ ಯಾವ ತಜ್ಞರೂ ಬೇಕಾಗಲಿಲ್ಲ.

ಅಲ್ಲಿಂದ ಮುಂದೆ ಮೂಲದ ಹುಡುಕಾಟ. ಸಂದೇಶದ ಮೇಲೆ ಎರಡು ಬಾಣದ ಗುರುತು ಇದೆಯೇ ನೋಡಿ. ಅದು ಕೈಯಿಂದ ಕೈಗೆ ಅನೇಕ ಬಾರಿ ದಾಟಿ ಬಂದದ್ದು ಎಂದರ್ಥ. ಅಂಥದ್ದನ್ನು ವಾಟ್ಸ್‌ಆ್ಯಪ್ ಒಂದು ಸಲಕ್ಕೆ ಒಬ್ಬರಿಗಷ್ಟೇ ಕಳಿಸಲು ಬಿಡುತ್ತದೆ. ದಿನಾಂಕ ಇದೆಯೇ? 'ಇಂದು' ಎಂಬ ಮಾತು ಯಾವ ವರ್ಷದ್ದು? ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ಅದಕ್ಕೂ ಮೇಲಿನ ಅಂಕಿ ಬರೆದಿದ್ದರೆ ಅಲ್ಲೇ ನಿಲ್ಲಿಸಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜಲಾಶಯಗಳ ಮಟ್ಟವನ್ನು ದಿನವೂ ಪ್ರಕಟಿಸುತ್ತದೆ, ಅದರೊಂದಿಗೆ ತಾಳೆ ನೋಡಿ. ವಿಡಿಯೊ ಆದರೆ ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಗೇಟುಗಳಿಂದ ನೀರು ಧುಮ್ಮಿಕ್ಕುವ ಹಳೆಯ ದೃಶ್ಯಗಳು, ಬೇರೆಯೇ ಅಣೆಕಟ್ಟೆಯ ದೃಶ್ಯಗಳು ಹೊಸ ಶೀರ್ಷಿಕೆ ಹೊತ್ತು ಬರುತ್ತಿರುತ್ತವೆ.

ಕಾವೇರಿ ವಿವಾದ ಬಿಸಿಯಾದ ವರ್ಷಗಳಲ್ಲಿ ಈ ಪಾಠಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಎಲ್ಲೋ ಹೊಡೆದಾಡಿದ ವಿಡಿಯೊಗೆ ನಮ್ಮವರು, ಅವರು ಎಂಬ ಶೀರ್ಷಿಕೆ ಅಂಟಿಸಿ ಹಂಚಿದರೆ, ಏನೂ ಅರಿಯದ ಲಾರಿ ಚಾಲಕನ ಮೈಮೇಲೆ ಪೆಟ್ಟು ಬೀಳಬಹುದು. ತಮ್ಮ ಬೆರಳಿಗೆ ಅಷ್ಟು ಶಕ್ತಿಯಿದೆ ಎಂಬುದು ಹದಿನಾಲ್ಕರ ವಯಸ್ಸಿನಲ್ಲಿ ತಿಳಿಯುವುದು ಒಳ್ಳೆಯದು. ಮಾರ್ಚ್ ಬಂದಾಗ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಕೊಡುತ್ತೇವೆಂದು ಹಣ ಕೇಳುವ ಸಂದೇಶಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ.

ಲೆಕ್ಕ ಹಿಡಿಸಿದ ತರಗತಿಗೆ ಇನ್ನೊಂದು ಕೆಲಸ ಕೊಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಬ್ಬರಂತೆ ಗೋಡೆಯ ಗ್ರಾಫ್ ಕಾಗದದಲ್ಲಿ ಮಟ್ಟವನ್ನು ಅಡ್ಡ ಅಕ್ಷಕ್ಕೂ ಸಂಗ್ರಹವನ್ನು ಲಂಬ ಅಕ್ಷಕ್ಕೂ ಇಟ್ಟು ಬಿಂದು ಗುರುತಿಸಲಿ. ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ, ತಳದ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ಹೆಚ್ಚು ನೀರು ಹಿಡಿಯುತ್ತದೆ. ಗ್ರಾಫಿನ ಗೆರೆ ನೇರವಾಗಿ ಹೋಗದೆ ಬಾಗಿದ್ದನ್ನು ಮಕ್ಕಳೇ ಕಂಡು ಕೇಳುವವರೆಗೂ ನೀವು ಬಾಯಿಬಿಡಬೇಡಿ.

ಹಂತ 6: ನೋಡುವುದರಿಂದ ಮಾಡುವುದಕ್ಕೆ

ವರ್ಷಕ್ಕೆ ಎರಡು ಬಾರಿಯಾದರೂ ಮಕ್ಕಳು ಏನನ್ನಾದರೂ ತಾವೇ ತಯಾರಿಸಿ ಹೊರಗೆ ಕಳಿಸಬೇಕು. ಮಂಡ್ಯದ ಮಕ್ಕಳಿಗೆ ವಿಷಯಕ್ಕೇನೂ ಬರವಿಲ್ಲ. ಆಲೆಮನೆಗಳಿರುವ ಊರಿನಲ್ಲಿ 'ಆಮ್ಲ, ಪ್ರತ್ಯಾಮ್ಲ' ಪಾಠವನ್ನು ಪ್ರಯೋಗಾಲಯದ ಬಾಟಲಿಯಿಂದಲೇ ಏಕೆ ಶುರುಮಾಡಬೇಕು? ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಹಾಗೆಯೇ ಕುದಿಸಿದರೆ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು, ಬೆಲ್ಲ ಗಟ್ಟಿಯಾಗಿ ಅಚ್ಚಿಗೆ ಕೂರುವುದಿಲ್ಲ. ಅದಕ್ಕೇ ಕೊಪ್ಪರಿಗೆಗೆ ಹದವರಿತು ಸುಣ್ಣ ಹಾಕುತ್ತಾರೆ. ಸುಣ್ಣ ಹಾಕುವ ಮೊದಲು, ಹಾಕಿದ ಮೇಲೆ ತೆಗೆದ ಹಾಲಿನಲ್ಲಿ ಪಿಎಚ್ ಕಾಗದ ಅದ್ದಿ ತೋರಿಸಿದರೆ ಎರಡು ನಿಮಿಷದ ಒಳ್ಳೆಯ ವಿಡಿಯೊ ಆಗುತ್ತದೆ.

ಕ್ರಮ ಹೀಗಿರಲಿ. ಮೊದಲು ಚಿತ್ರಕಥೆ ನೋಟ್‌ಬುಕ್‌ನಲ್ಲಿ, ಆಮೇಲೆ ಫೋನ್. ಆಲೆಮನೆಯವರ ಒಪ್ಪಿಗೆ ಕೇಳುವುದು ಮಕ್ಕಳದೇ ಕೆಲಸ. ಕುದಿಯುವ ಕೊಪ್ಪರಿಗೆಯಿಂದಲೂ ಗಾಣದಿಂದಲೂ ಮಕ್ಕಳು ದೂರ ನಿಲ್ಲಬೇಕು, ಮಾದರಿಯನ್ನು ದೊಡ್ಡವರೇ ತೆಗೆದುಕೊಡಬೇಕು, ಶಿಕ್ಷಕರು ಜೊತೆಯಲ್ಲಿರಲೇಬೇಕು. ಪಾಕದ ಹದ ಹೇಗೆ ಗೊತ್ತಾಗುತ್ತದೆ ಎಂದು ಕೆಲಸಗಾರರನ್ನು ಕೇಳಿ, ಅವರ ಮಾತನ್ನು ತಿದ್ದದೆ ದಾಖಲಿಸಿ. ವಿಡಿಯೊ ಸಿದ್ಧವಾದ ಮೇಲೆ ಮೊದಲು ಅವರಿಗೇ ತೋರಿಸಿ.

ಯೂಟ್ಯೂಬ್‌ಗೆ ಏರಿಸುವಾಗ 'ಅನ್‌ಲಿಸ್ಟೆಡ್' ಎಂದಿಡಿ. ಕೊಂಡಿ ಇದ್ದವರಿಗಷ್ಟೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಕಾಮೆಂಟ್ ಮುಚ್ಚಿ. ಮಕ್ಕಳ ಮುಖಕ್ಕಿಂತ ಕೈ, ವಸ್ತು, ಧ್ವನಿ ಸಾಕು. ಸಮವಸ್ತ್ರದ ಮೇಲಿನ ಶಾಲೆಯ ಹೆಸರು, ಮಗುವಿನ ಪೂರ್ಣ ಹೆಸರು ಎಲ್ಲೂ ಬೇಡ. ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಸೌಲಭ್ಯ ಆಫ್ ಆಗಿರಲಿ.

ಅಜ್ಜಿಯರ ಸೋಬಾನೆ ಪದಗಳನ್ನು ಧ್ವನಿಮುದ್ರಿಸುವುದು ಕನ್ನಡ ಶಿಕ್ಷಕರಿಗೆ ಬಿಟ್ಟದ್ದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನಾಗಲಿ, ಶಾಲೆಯ ಅಂಗಳದ ಮೈನಾಗಳನ್ನಾಗಲಿ ಎಣಿಸಿ, ಹಕ್ಕಿಗಳ ದಾಖಲೆ ಕೂಡಿಡುವ ಜಾಲತಾಣ ಇಬರ್ಡ್‌ಗೆ ಸೇರಿಸಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಹದಿನೈದು ನಿಮಿಷದ ಪಟ್ಟಿಗೂ ಬೆಲೆಯಿದೆ. ಸೀಸನ್‌ವಾಚ್ ಎಂಬ ಯೋಜನೆಗೆ ಶಾಲೆಯ ಹೊಂಗೆ, ಮಾವು, ಹುಣಸೆ ಯಾವಾಗ ಚಿಗುರಿತು, ಹೂಬಿಟ್ಟಿತು ಎಂದು ವಾರವಾರವೂ ತಿಳಿಸಬಹುದು. ಎರಡಕ್ಕೂ ತರಗತಿಯ ಒಂದೇ ಖಾತೆ ಸಾಕು.

ಹಂತ 7: ತೊಂದರೆ ಬಂದಾಗ

ಮಗು ಏನಾದರೂ ಹೇಳಿಕೊಂಡರೆ ಮೊದಲು ಆಡಬೇಕಾದ ಮಾತು: 'ಹೇಳಿದ್ದು ಒಳ್ಳೆಯದಾಯಿತು.' ಫೋನ್ ಕಿತ್ತುಕೊಳ್ಳುತ್ತಾರೆಂಬ ಭಯವಿದ್ದರೆ ಮಗು ಮುಂದಿನ ಸಲ ಬಾಯಿಬಿಡುವುದಿಲ್ಲ, ಬೆದರಿಸುವವರಿಗೆ ಬೇಕಾದದ್ದೂ ಅದೇ. ಸಂದೇಶವನ್ನು ಅಳಿಸಬೇಡಿ. ಸಂಖ್ಯೆ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ. ಅಶ್ಲೀಲ ಚಿತ್ರವಾಗಿದ್ದರೆ ಅದನ್ನು ಸಾಕ್ಷಿಗೆಂದು ಕೂಡ ಯಾರಿಗೂ ಫಾರ್ವರ್ಡ್ ಮಾಡಬಾರದು, ಫೋನ್ ಸಮೇತ ಪೊಲೀಸರ ಬಳಿ ಹೋಗಿ. ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಈ ಎರಡು ಸಂಖ್ಯೆಗಳನ್ನು ತರಗತಿಯ ಬಾಗಿಲಿನ ಒಳಬದಿಯಲ್ಲಿ ದೊಡ್ಡದಾಗಿ ಬರೆದಿಡಿ.

ರಾತ್ರಿ ಒಂಬತ್ತರ ನಂತರ ಮನೆಯ ಫೋನ್ ಅಡುಗೆಮನೆಯಲ್ಲಿ ಚಾರ್ಜ್ ಆಗುತ್ತಿರಲಿ. ಈ ನಿಯಮ ಅಪ್ಪನಿಗೂ ಅನ್ವಯಿಸಿದರೆ ಮಾತ್ರ ಮನೆಯಲ್ಲಿ ನಡೆಯುತ್ತದೆ.

ಹಂತ 8: ಏಪ್ರಿಲ್‌ನಲ್ಲಿ ಮುಚ್ಚುವುದು

ಗುಂಪು ತೆರೆಯುವವರಿಗೆ ಮುಚ್ಚುವುದು ನೆನಪಿರುವುದಿಲ್ಲ. ಶಾಲೆಯಿಂದ ಹೋದ ಮಕ್ಕಳ ಮನೆಯವರ ಸಂಖ್ಯೆಗಳು ವರ್ಷಗಟ್ಟಲೆ ಹಾಗೆಯೇ ಉಳಿದುಬಿಡುತ್ತವೆ. ಬೇಸಿಗೆ ರಜೆಗೆ ಮುಂಚೆ ಮಕ್ಕಳ ನೋಟ್‌ಬುಕ್‌ಗಳನ್ನು ತರಿಸಿ, ಜೂನ್‌ನ ಊಹೆಗಳನ್ನೂ ಮಾರ್ಚ್‌ನ ಊಹೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಅವರೊಂದಿಗೇ ಓದಿ. ವರ್ಷದ ಕಲಿಕೆಯನ್ನು ಅಳೆಯಲು ಲೈಕ್‌ಗಳ ಲೆಕ್ಕಕ್ಕಿಂತ ಇದು ನಂಬಲರ್ಹ. ಒಳ್ಳೆಯ ವಿಡಿಯೊಗಳ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಒಪ್ಪಿಗೆ ಹಿಂಪಡೆದ ಪೋಷಕರ ಮಗು ಇರುವ ವಿಡಿಯೊವನ್ನು ಯೂಟ್ಯೂಬ್‌ನಿಂದ ಅಳಿಸಿ. ಸದಸ್ಯರನ್ನೆಲ್ಲ ತೆಗೆದು ಕಮ್ಯುನಿಟಿಯನ್ನು ಮುಚ್ಚಿ, ತರಗತಿಯ ಖಾತೆಯ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಲಕೋಟೆಯಲ್ಲಿಟ್ಟು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ. ಪ್ಲೇಲಿಸ್ಟ್‌ಗಳನ್ನು ಮಾತ್ರ ಹಾಗೆಯೇ ಬಿಡಿ. ಮುಂದಿನ ಜೂನ್‌ನಲ್ಲಿ ಆ ತರಗತಿಗೆ ಬರುವ ಶಿಕ್ಷಕರಿಗೆ ಅವು ಬೇಕಾಗುತ್ತವೆ.